ಸೆಟಪ್ ಶಿರೋಮಣಿ

ಆನ್‌ಲೈನಿನಲ್ಲಿ ಗಿಟಾರ್ ಕಲಿಯುವವರಲ್ಲಿ ಒಂದು ಪಂಗಡವಿದೆ. ಅವರು ಗಿಟಾರ್ ನುಡಿಸುವುದಿಲ್ಲ, ನುಡಿಸಲು ಅಣಿಯಾಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಪಾಠಗಳೆಲ್ಲ ಪರದೆ ಹತ್ತಿದಾಗ ಹುಟ್ಟಿದ ತಳಿ ಇದು. ಲಾಕ್‌ಡೌನ್ ಹೋಯಿತು, ತಳಿ ಉಳಿಯಿತು.

ನನ್ನ ಪಾಲಿಗೆ ಬಂದಿರುವ ಮಹಾನುಭಾವರದು ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟು, ಸಾಫ್ಟ್‌ವೇರ್ ಕೆಲಸ. ನಾನು ಮೇಷ್ಟ್ರು ಅಂತ ಅವರು ನನ್ನನ್ನು ‘ಸರ್’ ಅನ್ನುತ್ತಾರೆ. ವಯಸ್ಸಿನಲ್ಲಿ ಹಿರಿಯರು, ಮೇಲಾಗಿ ಫೀಸನ್ನು ಮುಂಗಡ ಕೊಡುವವರು ಅಂತ ನಾನು ಅವರನ್ನು ‘ಸರ್’ ಅನ್ನುತ್ತೇನೆ. ಹೀಗೆ ಸರ್ ಸರ್ ಅನ್ನುತ್ತಲೇ ಒಂದು ಗಂಟೆ ಸರಿದುಹೋಗುತ್ತದೆ.

ಶುರುವಿನಲ್ಲಿ ತಪ್ಪು ಅವರದಾಗಿರಲಿಲ್ಲ. ಲ್ಯಾಪ್‌ಟಾಪಿನ ಮೈಕನ್ನೇ ನಂಬಿ ಪಾಪ ಒಂದು ಜಿ ಮೇಜರ್ ಮೀಟಿದರು. ‘ಟಂ’ ಅಂತ ಅರ್ಧ ಕ್ಷಣ ಕೇಳಿಸಿ ನಾದ ಅಲ್ಲೇ ಸತ್ತಿತು. ಮೀಟಿಂಗಿನ ಆಪ್‌ಗಳು ಹುಟ್ಟಿರುವುದೇ ಮನುಷ್ಯರ ಮಾತಿಗಾಗಿ. ಒಂದೇ ಸಮನೆ ಮೊಳಗುವ ಯಾವ ಸ್ವರವಾದರೂ ಅವುಗಳ ಲೆಕ್ಕದಲ್ಲಿ ಫ್ಯಾನಿನ ಸದ್ದು, ಅದುಮಿಬಿಡುತ್ತವೆ. ಕರ್ನಾಟಕ ಸಂಗೀತದ ಮೇಷ್ಟ್ರುಗಳ ಶ್ರುತಿಪೆಟ್ಟಿಗೆಗೂ ಇದೇ ಗತಿ. ಅದೇ ಹೊತ್ತಿಗೆ ಅಡುಗೆಮನೆಯಿಂದ ಅವರ ತಾಯಿ “ಲೋ, ಹಾಲು ಉಕ್ತಾ ಇದೆ ನೋಡೋ” ಅಂದದ್ದು ಮಾತ್ರ ಅಕ್ಷರ ಅಕ್ಷರವಾಗಿ ನನಗೆ ತಲುಪಿತು.

“ಸೆಟ್ಟಿಂಗ್ಸಿಗೆ ಹೋಗಿ ಸರ್. ನಾಯ್ಸ್ ಸಪ್ರೆಷನ್ ಆಫ್ ಮಾಡಿ, ಒರಿಜಿನಲ್ ಸೌಂಡ್ ಆನ್ ಮಾಡಿ, ತಂತಿಯ ಇಯರ್‌ಫೋನ್ ಹಾಕ್ಕೊಳ್ಳಿ. ಅಷ್ಟೇ” ಅಂದೆ. ಎರಡು ನಿಮಿಷದ ಕೆಲಸ, ಬಿಡಿಗಾಸಿನ ಖರ್ಚಿಲ್ಲ. ಅದೇ ಅವರಿಗೆ ಹಿಡಿಸಲಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಆಡಿಯೊ ಇಂಟರ್‌ಫೇಸ್ ಎಂಬ ಕೆಂಪು ಪೆಟ್ಟಿಗೆಯೂ ಒಂದು ಕಂಡೆನ್ಸರ್ ಮೈಕೂ ಬಂದು ಕೂತಿದ್ದವು. ಈ ಜಾತಿಯ ಮೈಕಿಗೆ ಪೆಟ್ಟಿಗೆಯಿಂದ 48 ವೋಲ್ಟ್ ಕೊಡಬೇಕು, ಅದಕ್ಕೊಂದು ಗುಂಡಿ ಇರುತ್ತದೆ. ಒತ್ತಿರಲಿಲ್ಲ. ಬಾಯಿ ಆಡುತ್ತಿದೆ, ಬೆರಳು ಆಡುತ್ತಿದೆ, ಸದ್ದಿಲ್ಲ. ಚಾಟಿನಲ್ಲಿ ‘48?’ ಅಂತ ಟೈಪ್ ಮಾಡಿದೆ. ಅವರು ನಾಚಿಕೊಂಡು ನಕ್ಕು ‘46’ ಅಂತ ಉತ್ತರ ಕಳಿಸಿದರು. ಮೇಷ್ಟ್ರು ವಯಸ್ಸು ಕೇಳುತ್ತಿದ್ದಾರೆ ಅಂದುಕೊಂಡಿದ್ದರಂತೆ.

ಆಮೇಲೆ ಹಿಡಿದದ್ದು ಲೇಟೆನ್ಸಿಯ ಭೂತ, ಅಂದರೆ ಸದ್ದು ತಲುಪಲು ಆಗುವ ತಡ. ನನ್ನ ಜೊತೆ ಏಕಕಾಲಕ್ಕೆ ನುಡಿಸಬೇಕೆಂಬುದು ಅವರ ಆಸೆ. ಬಫರನ್ನು 512ರಿಂದ 64ಕ್ಕೆ ಇಳಿಸಿ, “ಸರ್, ಒಂಬತ್ತು ಮಿಲಿಸೆಕೆಂಡ್ ಉಳಿಸಿದೆ!” ಅಂತ ರಾತ್ರಿ ಒಂದೂವರೆಗೆ ವಾಟ್ಸಾಪ್ ಮಾಡಿದರು. ಉಳಿಸಿದ್ದು ನಿಜ. ಆದರೆ ವಿಡಿಯೊ ಕಾಲಿನಲ್ಲಿ ಅವರ ನಾದ ಬಸವನಗುಡಿಯ ನನ್ನ ಮನೆಗೆ ಬರುವಷ್ಟರಲ್ಲಿ ನೂರೈವತ್ತು ಮಿಲಿಸೆಕೆಂಡ್ ಸುಲಭವಾಗಿ ಕಳೆದಿರುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆ ಲೆಕ್ಕದಲ್ಲಿ ನಾವಿಬ್ಬರೂ ಐವತ್ತು ಮೀಟರ್ ಅಂತರದಲ್ಲಿ ಕೂತು ಜುಗಲ್‌ಬಂದಿ ಮಾಡಿದ ಹಾಗೆ, ತಾಳ ಕೂಡುವುದುಂಟೇ? ಒಬ್ಬರು ನುಡಿಸಿ ಇನ್ನೊಬ್ಬರು ಕೇಳುವುದೇ ದಾರಿ ಅಂತ ಬಿಡಿಸಿ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡು, “ಹಾಗಾದ್ರೆ ರೂಟರ್ ಬದಲಾಯಿಸ್ತೀನಿ ಸರ್” ಅಂದರು.

ಜ್ಞಾನಕ್ಕೇನೂ ಕಡಿಮೆಯಿಲ್ಲ. ಶೂರ್ ಎಸ್‌ಎಂ57 ಮೈಕು ಬಂದದ್ದು 1965ರಲ್ಲಿ ಅಂತ ನಿದ್ದೆಯಲ್ಲೂ ಹೇಳುತ್ತಾರೆ. ಎಫ್ ಕಾರ್ಡಿಗೆ ತೋರುಬೆರಳು ಎಲ್ಲಿ ಬರಬೇಕು ಅಂತ ಕೇಳಿದರೆ ಸ್ಟ್ಯಾಂಡಿನ ತಿರುಪು ಬಿಗಿಮಾಡತೊಡಗುತ್ತಾರೆ.

ಕೊನೆಗೊಂದು ದಿನ ಎಲ್ಲವೂ ಕೂಡಿಬಂತು. ಮೈಕು ಗಿಟಾರಿನ ಹೊಟ್ಟೆಯ ತೂತಿಗೆ ಮುಖಮಾಡಿ ಗುಂಯ್‌ಗುಡುವುದನ್ನು ಬಿಟ್ಟು, ಒಂದಡಿ ದೂರದಿಂದ ಹನ್ನೆರಡನೇ ಫ್ರೆಟ್ಟಿನ ಕಡೆ ನೋಡುತ್ತಿತ್ತು. ಮೀಟಿದರು. ಎಲ್ಲ ತಂತಿಗಳೂ ಕೇಳಿಸಿದವು, ಎಲ್ಲ ತಪ್ಪುಗಳೂ.

“ಸರ್, ಮೈಕಿನಲ್ಲಿ ಏನೋ ಕರಕರ ಅಂತಿದೆ.”

“ಮೈಕಲ್ಲ ಸರ್, ಬೆರಳು. ಫ್ರೆಟ್ಟಿನ ಪಕ್ಕಕ್ಕೇ ತಂದು ಒತ್ತಿ.”

ಒಂದು ಗಳಿಗೆ ಸುಮ್ಮನಿದ್ದು, “ಕೇಬಲ್ ಇರಬಹುದಾ?” ಅಂದರು.

ಫೋನಿಟ್ಟ ಮೇಲೆ ಮನೆಯಲ್ಲಿ ಇವರ ಅನುಕರಣೆ ಮಾಡಿ ನಗಿಸುವುದು ನನ್ನ ಭಾನುವಾರದ ಎರಡನೇ ಕಸುಬಾಗಿತ್ತು. ಆದರೆ ಒಂದು ಸಂಜೆ, ಯಾವುದೋ ಅಪ್‌ಡೇಟು ಮುಗಿಯಲೆಂದು ಕಾಯುತ್ತಿದ್ದಾಗ, ತಾವಾಗಿಯೇ ಹೇಳಿದರು. ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರದೋ ಗಿಟಾರಿಗೆ ಐದೇ ತಂತಿ, ಅದರಲ್ಲೇ ಕಲಿತದ್ದು ಒಂದು ಹಾಡು. ಕರೆಂಟು ಹೋದಾಗಲೆಲ್ಲ ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ಕೂರುತ್ತಿದ್ದರಂತೆ. “ಈಗ ದಿನಾ ಆರು ಮೀಟಿಂಗು ಸರ್. ಐದರಲ್ಲಿ ಮ್ಯೂಟಲ್ಲೇ ಇರ್ತೀನಿ” ಅಂದರು. ಅಪ್‌ಡೇಟು ಮುಗಿಯಿತು, ಮತ್ತೆ ಮೈಕಿನ ಮಾತು. ವಾರವಿಡೀ ಮ್ಯೂಟಿನಲ್ಲಿ ಕೂರುವ ಮನುಷ್ಯ ಭಾನುವಾರ “ಸರ್, ಕೇಳಿಸ್ತಾ ಇದೆಯಾ?” ಅಂತ ಹತ್ತು ಸಲ ಕೇಳಿದರೆ ಸಿಡುಕುವುದು ಸಲ್ಲ. ಹನ್ನೊಂದನೇ ಸಲಕ್ಕೆ ಸಿಡುಕುತ್ತೇನೆ, ಆ ಮಾತು ಬೇರೆ. ಈಚೆಗೆ ನಾನೂ ರಾತ್ರಿ ಕದ್ದು ಕೂತು ಮೈಕಿನ ರಿವ್ಯೂ ನೋಡುತ್ತಿದ್ದೇನೆ. ಹಾರ್ಲಿಕ್ಸ್ ಬಾಟಲಿಗೆ ಒರಗಿಸಿದ ಫೋನಿನಿಂದಲೇ ಪಾಠ ಹೇಳಿ ಸಂಸಾರ ನಡೆಸಿದವನು ನಾನು. ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಮೊನ್ನೆ ಅವರ ಫೋನು. ಕೋಣೆಯ ಬರಿಗೋಡೆಗಳಿಂದ ಸದ್ದು ಮರುಕಳಿಸುತ್ತಿದೆ, ಫೋಮಿನ ಹಲಗೆ ತರಿಸಲೇ ಅಂತ. ಆ ತೆಳು ಫೋಮಿಗಿಂತ ದಪ್ಪ ಬಟ್ಟೆಯೇ ವಾಸಿ. “ಅಮ್ಮ ಊರಿಂದ ತಂದ ಕೌದಿ ಇದ್ರೆ ಎರಡು ಗೋಡೆಗೆ ನೇತುಹಾಕಿ ಸರ್, ಸಾಕು” ಅಂದೆ.

ಆ ಕಡೆ ಪೆನ್ನು ಹುಡುಕುವ ಸದ್ದು.

“ಕೌದಿ ಎಷ್ಟು ಜಿಎಸ್‌ಎಂ ಇರಬೇಕು ಸರ್?”