ತುಂಗೆ ಹೋಗದ ಊರು

ಶೃಂಗೇರಿ ಕಡೆಯ ನಮ್ಮೂರು ಕೆರೆಕಟ್ಟೆಯಿಂದ ಪಡುವಣ ಕಡಲಿಗೆ ನೆಟ್ಟಗೆ ಗೆರೆ ಎಳೆದರೆ ಐವತ್ತು ಕಿಲೋಮೀಟರಿನ ಆಸುಪಾಸು. ಆದರೂ ನಮ್ಮೂರ ಹೊಳೆ ಆ ಕಡೆ ತಲೆ ಹಾಕುವುದಿಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಗಂಗಾಮೂಲದಲ್ಲೇ ಹುಟ್ಟಿದವರು ಅಂತ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಮೂವರಲ್ಲಿ ನೇತ್ರಾವತಿ ಜಾಣೆ. ಹತ್ತಿರದ ದಾರಿ ಹಿಡಿದು, ಘಟ್ಟ ಇಳಿದು, ಮಂಗಳೂರು ಸೇರಿಬಿಟ್ಟಳು. ನಮ್ಮ ತುಂಗೆಯೋ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಅಂತ ನೆಂಟರ ಮನೆಗಳನ್ನೆಲ್ಲ ಮುಗಿಸಿ, ಕೂಡಲಿಯಲ್ಲಿ ಭದ್ರೆಯನ್ನು ಜತೆಗೆ ಕರೆದುಕೊಂಡು, ಹಂಪಿ ನೋಡಿ, ಕೃಷ್ಣೆಯೊಡನೆ ಆಂಧ್ರ ಸುತ್ತಿ ಬಂಗಾಳ ಕೊಲ್ಲಿಗೆ ಬೀಳುತ್ತಾಳೆ. ಮಗ್ಗುಲಲ್ಲೇ ಇರುವ ಸಮುದ್ರಕ್ಕೆ ಬೆನ್ನು ಹಾಕಿ ಹೊರಟ ಹೊಳೆಯ ನೀರು ಕುಡಿದು ಬೆಳೆದವರಿಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

ನಮ್ಮ ಕಡೆ ಮಂಗಳೂರಿಗೆ ಹೋಗುವುದೆಂದರೆ ಆಸ್ಪತ್ರೆಗೆ. ಯಾರಾದರೂ ಹೊರಟರೆ ಮೊದಲು ಬರುವ ಪ್ರಶ್ನೆ, ‘ಯಾರಿಗೆ ಹುಷಾರಿಲ್ಲ?’ ಅಡಿಕೆ ಕೊಯ್ಲು ಮುಗಿದ ಬಿಡುವಿನಲ್ಲಿ ನಾನೂ ಭಾವನೂ ಬಸ್ಸಿಗೆ ಕಾಯುತ್ತಿದ್ದಾಗ ಅಂಗಡಿಯವರು ಕೇಳಿದ್ದೂ ಅದನ್ನೇ. ‘ಸುಮ್ಮನೆ ಹೊರಟಿದ್ದು, ಹಳೇ ಬಂದರು ನೋಡಿ ಬರುವ ಅಂತ’ ಎಂದೆ. ಅವರು ನಂಬಲಿಲ್ಲ. ದನಿ ತಗ್ಗಿಸಿ, ‘ಹಾರ್ಟಾ, ಕಿಡ್ನಿಯಾ?’ ಎಂದರು.

ಎಸ್.ಕೆ. ಬಾರ್ಡರ್ ದಾಟಿದರೆ ಮಾಳದ ಇಳಿಜಾರು. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ದಕ್ಷಿಣ ಕನ್ನಡವಾಗಿ, 1997ರಲ್ಲಿ ಕಾರ್ಕಳವೂ ಉಡುಪಿ ಜಿಲ್ಲೆಗೆ ಹೋಯಿತು. ಬಸ್ಸಿನ ಕಂಡಕ್ಟರಿಗೆ ಮಾತ್ರ ಅದು ಇವತ್ತಿಗೂ ಎಸ್.ಕೆ. ಬಾರ್ಡರೇ. ಬಜಗೋಳಿ ಬರುವಷ್ಟರಲ್ಲಿ ಭಾವ ಸ್ವೆಟರು ಬಿಚ್ಚಿದರು. ಕಾರ್ಕಳದಲ್ಲಿ ಅಂಗಿಯ ಮೇಲಿನ ಗುಂಡಿ, ಮೂಡುಬಿದಿರೆಯಲ್ಲಿ ಅದರ ಕೆಳಗಿನದು. ಮಂಗಳೂರು ಇನ್ನೂ ದೂರವಿದ್ದರೆ ಏನಾಗುತ್ತಿತ್ತೋ!

ಸ್ಟೇಟ್‌ಬ್ಯಾಂಕ್ ಬಸ್‌ಸ್ಟಾಂಡಿನಲ್ಲಿ ಇಳಿದು ಬಂದರಿನ ಕಡೆ ನಡೆಯುತ್ತಿದ್ದ ಹಾಗೆ ದಾರಿಯನ್ನು ಮೂಗೇ ಹೇಳುತ್ತದೆ. ಕಾಳುಮೆಣಸು, ಕೊಬ್ಬರಿ, ಒಣಮೀನು, ಲಾರಿಯ ಡೀಸೆಲು. ಹಳೆಯ ಗೋದಾಮುಗಳ ಮೇಲೆ ಹೆಂಚಿನ ಮಾಡು. ಇಲ್ಲಿ ನನಗೆ ನಮ್ಮ ಮನೆಯ ಅಟ್ಟ ನೆನಪಾಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಮಲೆನಾಡಿನ ಹುಲ್ಲು ಮಾಡುಗಳು ಒಂದೊಂದಾಗಿ ಕೆಂಪಾದವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ್ದೂ, 1894ರಲ್ಲಿ ಕಿಟ್ಟೆಲರ ನಿಘಂಟನ್ನು ಅಚ್ಚು ಹಾಕಿದ್ದೂ ಅದೇ ಮಿಷನ್ನು. ನಿಘಂಟು ಇಲ್ಲದೆ ನಮ್ಮ ಅಜ್ಜಂದಿರು ಸುಖವಾಗಿಯೇ ಇದ್ದರು. ಹೆಂಚು ಇಲ್ಲದೆ ಕೆರೆಕಟ್ಟೆಯ ಮಳೆಗಾಲ ಕಳೆಯುವುದು ಹೇಗಿತ್ತೆಂದು ನೆನೆಯಲಿಕ್ಕೂ ನನಗೆ ಧೈರ್ಯವಿಲ್ಲ.

ಭಾವ ಆಗಲೇ ಒಂದು ಅಡಿಕೆ ಅಂಗಡಿಯ ಜಗಲಿ ಹತ್ತಿದ್ದರು. ಕೈಯಲ್ಲಿ ಒಂದು ಹಿಡಿ ಚಾಲಿ ಅಡಿಕೆ.

‘ಎಲ್ಲಿಂದ ಬಂದದ್ದು?’

‘ಶೃಂಗೇರಿ ಕಡೆ.’

‘ಓ, ಘಟ್ಟದವರು. ನಿಮ್ಮದು ಬೇಯಿಸಿದ್ದಲ್ವಾ? ಇಲ್ಲಿ ಅದಕ್ಕೆ ಗಿರಾಕಿ ಇಲ್ಲ ಮಾರಾಯ್ರೆ.’

ಒಂದೇ ಮರದ ಜಾತಿ, ಒಂದೇ ಕಾಯಿ. ಕೆಳಗಿನವರು ಹಣ್ಣಾಗಲು ಬಿಟ್ಟು ಬಿಸಿಲಿಗೆ ಹಾಕುತ್ತಾರೆ, ನಾವು ಹಸಿರಿದ್ದಾಗಲೇ ಸುಲಿದು ಬೇಯಿಸುತ್ತೇವೆ. ಭಾವ ಈ ವಿಷಯದಲ್ಲಿ ರಾಜಿಯಾಗುವವರಲ್ಲ. ರಾಶಿ, ಬೆಟ್ಟೆ, ಸರಕು ಎಂದು ನಮ್ಮ ಅಡಿಕೆಯ ಬಗೆಗಳಿಂದ ಶುರುಮಾಡಿ ಹಳದಿ ಎಲೆ ರೋಗಕ್ಕೆ ಬಂದು ಮುಟ್ಟುವಷ್ಟರಲ್ಲಿ ಅಂಗಡಿಯವರು ಚಹಾ ತರಿಸಿದ್ದರು.

ಈ ಬೀದಿಯಲ್ಲಿ ಅಡಿಕೆಯ ಮಾತು ಹೊಸತಲ್ಲ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹದಿನೇಳು ವರ್ಷದ ಆಸುಪಾಸು ಇದ್ದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಏಡನ್ನಿಗೆ ಕಳಿಸುವುದು; ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ತರಿಸುವುದು. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಮಂದಿರವೊಂದರ ಕಾಗದದ ರಾಶಿಯಲ್ಲಿ ಸಿಕ್ಕಿದವು. ಅವನ ಆಳು ಬೊಮ್ಮನನ್ನು ಹುಡುಕಿಕೊಂಡು ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಒಂದು ಪುಸ್ತಕವನ್ನೇ ಬರೆದರು. ನನಗೆ ಅದರಲ್ಲಿ ಬಲು ಇಷ್ಟವಾದದ್ದು ಒಂದು ತಗಾದೆ. ಏಲಕ್ಕಿ ಕೊಡುತ್ತೇನೆಂದು ಮುಂಗಡ ತೆಗೆದುಕೊಂಡ ದಲ್ಲಾಳಿಯೊಬ್ಬ ಮಾಲನ್ನೇ ಕೊಡಲಿಲ್ಲ. ಏಡನ್ನಿನಿಂದ ಪತ್ರದ ಮೇಲೆ ಪತ್ರ. ಇದನ್ನು ಹೇಳಿದಾಗ ಭಾವನಿಗೆ ಏನೂ ಆಶ್ಚರ್ಯವಾಗಲಿಲ್ಲ. ‘ಆ ವರ್ಷ ಘಟ್ಟದ ಮೇಲೆ ಬೆಳೆ ಇರಲಿಲ್ಲವೋ ಏನೋ’ ಎಂದು ಎಂಟುನೂರಕ್ಕೂ ಹೆಚ್ಚು ವರ್ಷ ಹಿಂದಿನ ದಲ್ಲಾಳಿಯ ಪರ ನಿಂತರು. ಬೆಳೆಗಾರ ದಲ್ಲಾಳಿಯ ಪರ ಮಾತಾಡಿದ್ದನ್ನು ನಾನು ಕೇಳಿದ್ದು ಆ ಒಂದೇ ಸಲ.

ನೋಡತಕ್ಕ ಜಾಗಗಳನ್ನೂ ನೋಡಿದೆವು. ಕದ್ರಿಯಲ್ಲಿ 968ರ ಕಂಚಿನ ಲೋಕೇಶ್ವರ. ಎಷ್ಟು ಹೊತ್ತು ನಿಂತರೂ ಸಾಲದು. ಸುಲ್ತಾನ್ ಬತ್ತೇರಿಯಲ್ಲಿ ಫೋಟೋ ತೆಗೆಯುವವರ ನಡುವೆ ಟಿಪ್ಪುವಿನ ಕಾವಲು ಬುರುಜು ಸಣ್ಣದಾಗಿ ಕಾಣುತ್ತದೆ. ಪಣಂಬೂರಿನ ಹೊಸ ಬಂದರಿಗೆ ಭಾವ ಬರಲಿಲ್ಲ. ಅದಕ್ಕೆ ಅವರದೇ ಕಾರಣ ಉಂಟು. ನಮ್ಮ ಪಕ್ಕದ ಕುದುರೆಮುಖದ ಗುಡ್ಡ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಅಲ್ಲಿಗೇ ಹರಿಸಿದ್ದು. 2005ರ ಕೊನೆಗೆ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. ‘ನಮ್ಮ ಗುಡ್ಡ ಹೋದ ದಾರಿ ನೋಡಲಿಕ್ಕೆ ನಾನ್ಯಾಕೆ ಹೋಗಲಿ?’

ಹಾಗಾಗಿ ಸಂಜೆಗೆ ಮತ್ತೆ ಹಳೇ ಬಂದರಿನ ದಕ್ಕೆ. ನೇತ್ರಾವತಿಯೂ ಫಲ್ಗುಣಿಯೂ ಒಟ್ಟಾಗಿ ಕಡಲಿಗೆ ಬೀಳುವ ಅಳಿವೆ ಬಾಗಿಲಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರಲಾಗದು. ಮೀನಿನ ಬೋಟುಗಳೂ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳೂ ಇಲ್ಲಿಯವೇ. ಒಂದು ಮಂಜಿಗೆ ನೀರುಳ್ಳಿ, ಸಿಮೆಂಟು ತುಂಬುತ್ತಿದ್ದರು. ಬ್ಯಾರಿ ಹಿರಿಯರೊಬ್ಬರು ಮೂಟೆ ಲೆಕ್ಕ ಬರೆಯುತ್ತಿದ್ದರು. ಭಾವ ಪಕ್ಕಕ್ಕೆ ಹೋಗಿ ನಿಂತರು.

‘ಮಳೆಗಾಲದಲ್ಲೂ ಹೋಗ್ತದಾ ಇದು?’

‘ಇಲ್ಲ ಭಟ್ರೆ. ಮಳೆ ನಿಲ್ಲುವವರೆಗೆ ಮಂಜಿ ಇಲ್ಲಿಯೇ, ನಾವು ಮನೆಯಲ್ಲಿ.’

‘ಹಾಗಾದ್ರೆ ಆಗ ನಮ್ಮ ಕೆರೆಕಟ್ಟೆಗೆ ಬನ್ನಿ.’

‘ಅಲ್ಲಿ ಎಂತ ಉಂಟು?’

‘ಮಳೆ’ ಎಂದರು ಭಾವ, ಎದೆ ಸೆಟೆದು.

ಹಿರಿಯರು ಪುಸ್ತಕದಿಂದ ತಲೆ ಎತ್ತಿದರು. ‘ಅದನ್ನು ನೋಡ್ಲಿಕ್ಕೆ ಘಟ್ಟ ಹತ್ತಬೇಕಾ? ನಿಮ್ಮ ಮಳೆ ನಿಮ್ಮಲ್ಲಿಗೆ ಬರುವುದೇ ನಮ್ಮ ತಲೆಯ ಮೇಲಿಂದ ಅಲ್ವಾ ಮಾರಾಯ್ರೆ!’

ಆಮೇಲೆ ಗಡ್‌ಬಡ್ ಐಸ್‌ಕ್ರೀಮು ತಿನ್ನುವಾಗಲೂ ಭಾವ ಚಮಚ ಕೈಯಲ್ಲಿ ಹಿಡಿದು ಇದಕ್ಕೊಂದು ಉತ್ತರ ಹುಡುಕುತ್ತಲೇ ಇದ್ದರು.