ಕಿಟಕಿ ಸೀಟಿನ ಕುಲಭೇದ ನಿರ್ಣಯ

ಆನೆಗೆ ಲಕ್ಷಣಗ್ರಂಥವಿದೆ, ಕುದುರೆಗಿದೆ, ಅಡುಗೆಗೆ ಮಂಗರಸನ ಸೂಪಶಾಸ್ತ್ರವೇ ಇದೆ. ಶ್ರಾವಣದಲ್ಲಿ ಕೊಪ್ಪಳ ಸ್ಟೇಷನ್ನಿಗೆ ಬಂದು ವಾಸ್ಕೋ ಗಾಡಿ ಹತ್ತುವ ಮನೆಮಂದಿಗೆ ಮಾತ್ರ ಈವರೆಗೆ ಯಾರೂ ಲಕ್ಷಣ ಬರೆದಿಲ್ಲ. ಆ ಕೊರತೆಯನ್ನು ಯಥಾಮತಿ ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಕ್ಷೇತ್ರವಿಚಾರ. ಗದಗಿನಿಂದ ಹುಬ್ಬಳ್ಳಿವರೆಗೆ ಎರಿ ಹೊಲ. ಧಾರವಾಡ ದಾಟಿ ಅಳ್ನಾವರಕ್ಕೆ ಬರುವಾಗ ಕಾಡು ಹತ್ತಿಕೊಳ್ಳುತ್ತದೆ. ಲೋಂಡಾ, ತಿನೈಘಾಟ್ ಕಳೆದರೆ ಕ್ಯಾಸಲ್‌ರಾಕ್. ಅಲ್ಲಿಂದ ಕುಳೆಂವರೆಗೆ ಸುಮಾರು 26 ಕಿ.ಮೀ. ಘಾಟ್, 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗಿಳಿಯುವ ಹಳಿ. ವಾಪಸ್ ಹತ್ತುವ ಗಾಡಿಗೆ ಹಿಂದಿನಿಂದ ನೂಕಲು ಬೇರೆ ಎಂಜಿನ್ ಕಟ್ಟಬೇಕು. ನಡುವೆ ಸುರಂಗಗಳು, ಮಂಜು, 310 ಮೀಟರ್ ಎತ್ತರದಿಂದ ಬೀಳುವ ದೂಧಸಾಗರ. ಗಾಡಿ ಅದರ ಎದುರಿನ ಸೇತುವೆಯ ಮೇಲೆ ನಿಧಾನಕ್ಕೆ ಹಾಯುತ್ತದೆ. ನೋಟ ಇಷ್ಟು. ಇನ್ನು ನೋಡುವವರು.

ಹಳಿಯ ವಯಸ್ಸಿಗೆ ತಕ್ಕಂತೆ ತಾಲ್ಲೂಕುಗಳಲ್ಲಿ ಹಿರಿತನವುಂಟು. ಸಾಲಾರ್‌ಜಂಗ್‌ನ ಜಹಗೀರಾಗಿದ್ದ ಕೊಪ್ಪಳಕ್ಕೆ 19ನೇ ಶತಮಾನದಲ್ಲೇ ರೈಲು ಬಂದಿತ್ತು. ಹಾಗಾಗಿ ಅಲ್ಲಿಯವರು ಪ್ಲಾಟ್‌ಫಾರ್ಮಿನ ಮೇಲೆ ಪಿತ್ರಾರ್ಜಿತ ಆಸ್ತಿಯಂತೆ ಕಾಲು ಚಾಚಿ ಕೂರುತ್ತಾರೆ. ಗಂಗಾವತಿ ಗಾಡಿ ಕಂಡದ್ದು 2019ರಲ್ಲಿ. ತಳಕಲ್‌ನಿಂದ ಯಲಬುರ್ಗಾ ಮೇಲೆ ಹಾಯ್ದು ಕುಷ್ಟಗಿ ಮುಟ್ಟುವ ಹಳಿಯ ಮೇಲೆ ಹುಬ್ಬಳ್ಳಿ ಗಾಡಿ ಶುರುವಾದದ್ದು 2025ರ ಮೇ 15ರಂದು. ಈ ಮೂರೂ ತಾಲ್ಲೂಕಿನವರು ಇನ್ನೂ ಸ್ಟೇಷನ್ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಪ್ರಾಯದಲ್ಲಿದ್ದಾರೆ. ಅವರನ್ನು ಯಾರೂ ಅವಸರ ಮಾಡಬಾರದು.

ಪ್ರಥಮ ವರ್ಗ ಬುತ್ತಿನಿಷ್ಠರದು. ಗಾಡಿ ಭಾನಾಪುರ ಬಿಡುವ ಮೊದಲೇ ಗಂಟು ಬಿಚ್ಚುವುದು ಇವರ ಲಕ್ಷಣ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಅದರ ಮೇಲೆ ಸ್ಟೀಲ್ ಡಬ್ಬಿಯ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮುಚ್ಚಳದ ಸಂದಿಯಿಂದ ಎಣ್ಣೆ ಜಿನುಗಿ ಪೇಪರನ್ನು ಕನ್ನಡಿ ಮಾಡಿದ ಬದನೆಕಾಯಿ ಪಲ್ಯ. ಉಳ್ಳಾಗಡ್ಡಿಯನ್ನು ಬರ್ತಿನ ಅಂಚಿಗಿಟ್ಟು ಮುಷ್ಟಿಯಿಂದ ಒಂದೇ ಗುದ್ದು. ಎದುರು ಸೀಟಿನ ಅಪರಿಚಿತರಿಗೂ “ತಗೋರಿ, ನಾಚಬ್ಯಾಡ್ರಿ” ಎಂದು ಎರಡು ರೊಟ್ಟಿ ಹೋಗುತ್ತವೆ. ಧಾರವಾಡದ ಹೊತ್ತಿಗೆ ಬುತ್ತಿ ತೀರಿರುತ್ತದೆ, ನಿದ್ದೆ ಹತ್ತಿರುತ್ತದೆ. ಘಾಟ್ ಬಂದಾಗ ಎಬ್ಬಿಸಿದರೆ ಒಂದು ಕಣ್ಣು ತೆರೆದು “ಚೆಂದೈತಿ” ಎಂದು ಆಚೆ ಹೊರಳುತ್ತಾರೆ. ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದವರಿಗೆ ಜಲಪಾತಕ್ಕಿಂತ ನಿದ್ದೆ ಹೆಚ್ಚಿನ ಸೌಂದರ್ಯ ಎಂಬುದೇ ನನ್ನ ಮತ.

ಎರಡನೆಯವರು ರೈಲು ನೈಯಾಯಿಕರು. ಸಾಮಾನ್ಯವಾಗಿ ಕಾಕಾ, ಇಲ್ಲವೇ ಹಿರಿಯ ಅಳಿಯ. ನಡುವಿನ ಬರ್ತ್ ಬಿಚ್ಚುವುದು ರಾತ್ರಿ ಹತ್ತಕ್ಕೆ, ಮಡಚುವುದು ಬೆಳಿಗ್ಗೆ ಆರಕ್ಕೆ ಎಂದು ಹಗಲಲ್ಲೂ ಹೇಳುತ್ತಿರುತ್ತಾರೆ. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕಿಳಿದದ್ದು ಅವರಿಗೆ ಸ್ವಂತ ನಷ್ಟ. ಕ್ಯಾಸಲ್‌ರಾಕ್ ಬಂದಾಗ 1961ರವರೆಗೆ ಆಚೆ ಪೋರ್ಚುಗೀಸರ ಸೀಮೆಯಿತ್ತೆಂದು ಬೆರಳು ತೋರಿಸುತ್ತಾರೆ. ಎಲ್ಲರೂ ಬೆರಳನ್ನು ನೋಡುವಷ್ಟರಲ್ಲಿ ಸುರಂಗ ಬರುತ್ತದೆ. ಇವರಿಗೆ ಸೇರಿದ ಒಂದು ಉಪಜಾತಿ ಐದು ತುಂಬದ ಮಗು: ಐದರವರೆಗೆ ಟಿಕೆಟ್ ಇಲ್ಲವೆಂಬ ನಿಯಮದ ಕೃಪೆಯಿಂದ ಎರಡು ವರ್ಷ ಒಂದೇ ವಯಸ್ಸಿನಲ್ಲಿ ಉಳಿಯಬಲ್ಲ ಏಕೈಕ ಜೀವಿ.

ಮೂರನೆಯವರು ಪಾರ್ಶ್ವವಾದಿಗಳು. ಜಲಪಾತ ಎಡಕ್ಕೋ ಬಲಕ್ಕೋ ಎಂಬ ಇವರ ವಾದ ಲೋಂಡಾದಲ್ಲಿ ಹುಟ್ಟಿ ಕುಳೆಂ ಮುಟ್ಟಿದರೂ ಮುಗಿಯುವುದಿಲ್ಲ. ನಾಲ್ಕನೆಯವರು ಬಾಗಿಲಸ್ಥರು, ಕಾಲೇಜು ಹುಡುಗರು. 2023ರ ಮಳೆಗಾಲದಲ್ಲಿ ದೂಧಸಾಗರ ನೋಡಲು ಹಳಿಯ ಮೇಲೆ ನಡೆದು ಹೋದ ಚಾರಣಿಗರಿಂದ ರೈಲ್ವೆ ಪೊಲೀಸರು ಸಾಲಾಗಿ ಬಸ್ಕಿ ಹೊಡೆಸಿದ ವಿಡಿಯೊ ಇವರೆಲ್ಲರ ಮೊಬೈಲಿನಲ್ಲಿದೆ. ಆದರೂ ಬಾಗಿಲು ಬಿಡುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯುವವರ ಬಗ್ಗೆ ಹೆಚ್ಚು ಬರೆಯುವುದು ಬೇಡ. ಅವರ ಸಂಗ್ರಹದಲ್ಲಿ ಸುರಂಗದ ಕತ್ತಲೆಯೇ ಬಹುಪಾಲು.

ಇನ್ನು ಈ ಶಾಸ್ತ್ರದ ಮುಖ್ಯ ವರ್ಗ, ಜಲಗಣಕರು. ಅರವತ್ತು ದಾಟಿದವರು, ಹೆಗಲ ಮೇಲೆ ಟವೆಲ್ಲು. ಗೋಧಿ ಹುಗ್ಗಿಗೂ ಎಲೆಅಡಿಕೆಗೂ ಏಳದವರು ನೀರಿನ ಸದ್ದಿಗೆ ಏಳುತ್ತಾರೆ. ಇವರಲ್ಲಿ ಎರಡು ಭೇದ. ಗಂಗಾವತಿ ಕಡೆಯವರು ಎಡದಂಡೆ ಕಾಲುವೆಯ ಮಕ್ಕಳು, ಭತ್ತದವರು, ನೀರನ್ನು ಗೇಟಿನಿಂದ ಅಳೆಯುವವರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದ ಮೇಲೆ ಇವರ ಮಾಪನವೇ ಬದಲಾಗಿದೆ. ದೂಧಸಾಗರ ಕಣ್ಣಿಗೆ ಬಿದ್ದೊಡನೆ ಬರುವ ಮಾತು: “ನಮ್ಮ ಹತ್ತೊಂಬತ್ತನೇ ಗೇಟ್ ಇದ್ದಂಗೈತಿ ನೋಡ್ರಿ!” ಅದರಲ್ಲಿ ಮೆಚ್ಚುಗೆಗಿಂತ ಹೊಟ್ಟೆಯುರಿ ಹೆಚ್ಚು. ಹಂಗಾಮಿನ ನೀರು ಕಣ್ಣೆದುರೇ ಹೊಳೆ ಪಾಲಾಗಿ ಹೋದದ್ದನ್ನು ನೋಡಿದವರು ಬೀಳುವ ನೀರನ್ನು ಬೇರೆ ಹೇಗೆ ನೋಡಿಯಾರು?

ಯಲಬುರ್ಗಾ, ಕುಷ್ಟಗಿಯ ಭೇದ ಇನ್ನೂ ಸೂಕ್ಷ್ಮ. ಇವರಿಗೆ ಗೇಟಿಲ್ಲ, ಮೋಡವೇ ಗೇಟು. ಸಜ್ಜೆ ಬಿತ್ತಿ ಮೋಡ ನೋಡಿದವರು ಕಿಟಕಿಯ ಸರಳು ಹಿಡಿದು ತುಂಬ ಹೊತ್ತು ಮಾತಾಡುವುದಿಲ್ಲ. ಆಮೇಲೆ ಅಜ್ಜನಿಂದ ಒಂದು ಪ್ರಶ್ನೆ: “ಇದು ಎಲ್ಲಿಗಿ ಹೊಂಟೈತೋ ತಮ್ಮಾ?”

“ಸಮುದ್ರಕ್ಕ, ಅಜ್ಜಾ.”

“ಸಮುದ್ರದಾಗ ನೀರಿಗೇನ್ ಬರ ಬಿದ್ದೈತೇನು?”

ಈ ಪ್ರಶ್ನೆಗೆ ರೈಲು ನೈಯಾಯಿಕರಲ್ಲೂ ಉತ್ತರವಿಲ್ಲ. ದೂಧಸಾಗರ ಮಾಂಡೋವಿಯ, ಅಂದರೆ ನಮ್ಮ ಮಹದಾಯಿಯ ಕೂಸು. 2018ರಲ್ಲಿ ನ್ಯಾಯಮಂಡಳಿ ಮಹದಾಯಿ ನೀರಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದೆ ಎಂದು ಕಾಕಾ ವಿವರಿಸಬಹುದು. ಅದರಲ್ಲಿ ತಿರುಗಿಸುವ ಪಾಲು ಬಂದರೂ ಮಲಪ್ರಭೆಗೆ, ತನ್ನ ಹೊಲಕ್ಕಲ್ಲ ಎಂದು ಅಜ್ಜನಿಗೆ ಗೊತ್ತು. ಆದರೂ ಲೆಕ್ಕ ಬಿಡುವುದಿಲ್ಲ: ಒಂದು ತಾಸಿನ ನೀರು ಊರ ಕೆರೆಗೆ ಎಷ್ಟಾದೀತು, ಎಷ್ಟು ಎಕರೆ ತೊಯ್ದೀತು. ಇಡೀ ಬೋಗಿಯಲ್ಲಿ ಜಲಪಾತವನ್ನು ಪೂರ್ತಿಯಾಗಿ, ಹನಿ ಬಿಡದೆ ನೋಡಿದವನು ಇವನೊಬ್ಬನೇ. ಕಿಟಕಿ ಸೀಟು ಧರ್ಮತಃ ಇವನಿಗೇ ಸಲ್ಲಬೇಕು. ಮೊಮ್ಮಗ ಹಟ ಮಾಡಿದರೆ ತೊಡೆಯ ಮೇಲೆ ಕೂರಿಸಿಕೊಳ್ಳಲಿ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ತಿನ್ನದೆ, ವಾದಿಸದೆ, ಫೋಟೊ ತೆಗೆಯದೆ, ಲೆಕ್ಕ ಹಾಕದೆ ಸುಮ್ಮನೆ ನೋಡುವ ಶುದ್ಧ ಪ್ರೇಕ್ಷಕ ಇಲ್ಲವೇ? ಪ್ರವಾಸೋದ್ಯಮದ ಪೋಸ್ಟರುಗಳಲ್ಲಿ ಇದ್ದಾನೆ, ಹಿಂದಲೆ ಮಾತ್ರ ಕಾಣುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇದುವರೆಗೆ ಮಾದರಿ ಸಿಕ್ಕಿಲ್ಲ. ಕಂಡವರು ಊರು, ಬೋಗಿ, ಸೀಟ್ ನಂಬರ್ ಸಮೇತ ತಿಳಿಸಬೇಕು. ಮುಂದಿನ ಮುದ್ರಣದಲ್ಲಿ ಸೇರಿಸಲಾಗುವುದು. ಹುಡುಕಲು ಹೋಗುವವರು ದೂಧಸಾಗರದಲ್ಲಿ ಮಾತ್ರ ಗಾಡಿಯಿಂದ ಇಳಿಯಬೇಡಿ.