ಕೆಂಗೇರಿಯ ಸ್ವತಂತ್ರ ಸಂಚಾರಿ

ಕೆಂಗೇರಿ ಉಪನಗರದ ಸ್ವತಂತ್ರ ಸಂಚಾರಿ ಸಾಮಾನ್ಯವಾಗಿ ಅರವತ್ತು ದಾಟಿದ ನಿವೃತ್ತ ನೌಕರ. ಸರ್ವಿಸಿನುದ್ದಕ್ಕೂ ರಜೆ ಮಂಜೂರಾಗದೆ ಊರು ಬಿಡದಿದ್ದವನು, ಪೆನ್ಷನ್ ಶುರುವಾದ ಮೇಲೆ ತನಗೆ ಯಾರ ಅಪ್ಪಣೆಯೂ ಬೇಕಿಲ್ಲವೆಂದು ಸಾರುತ್ತಾನೆ. ಹೆಂಡತಿಯ ಅಪ್ಪಣೆ ಈ ಲೆಕ್ಕಕ್ಕೆ ಸೇರಿಲ್ಲ. ಅದನ್ನು ಹಿಂದಿನ ರಾತ್ರಿಯೇ ಪಡೆದಿರುತ್ತಾನೆ.

ಈತನ ಮೊದಲ ಯಾತ್ರೆ ಹತ್ತಿರದ ದೊಡ್ಡ ಆಲದ ಮರಕ್ಕೆ. ಸುಮಾರು ಮೂರು ಎಕರೆ ಹಬ್ಬಿರುವ ಆ ಮರದ ಮೂಲ ಕಾಂಡ ರೋಗ ಬಿದ್ದು ಸತ್ತೇ ಹೋಗಿದೆ. ಬಿಳಲುಗಳು ಸಂಸಾರ ನಡೆಸುತ್ತಿವೆ. ತಾನಿಲ್ಲದೆ ತನ್ನ ಆಫೀಸೂ ಹೀಗೇ ಚೆನ್ನಾಗಿ ನಡೆಯುತ್ತಿರಬಹುದೆಂಬ ಜ್ಞಾನೋದಯ ಅಲ್ಲಿಯೇ ಆಗುತ್ತದೆ. ಆಮೇಲೆ ತಿರುಗಾಟಕ್ಕೆ ಅಡ್ಡಿಯಿಲ್ಲ.

ಗುರುತಿಸುವುದು ಸುಲಭ. ಬಗಲಲ್ಲಿ ಬಟ್ಟೆಯ ಚೀಲ, ಅದರಲ್ಲಿ ಚಿತ್ರಾನ್ನದ ಸ್ಟೀಲ್ ಡಬ್ಬಿ, ಛತ್ರಿ, ಅಮೃತಾಂಜನ, ಸೀಟು ಹಿಡಿಯಲು ಟವೆಲ್ಲು, ಹಾಸಿಕೊಳ್ಳಲು ನಿನ್ನೆಯ ಪೇಪರು. ಇವತ್ತಿನ ಪೇಪರನ್ನು ಪಕ್ಕದವರಿಂದ ಇಸಿದುಕೊಂಡು ಓದುತ್ತಾನೆ.

2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಮೆಟ್ರೊ ಬಂದಾಗ ಊರೆಲ್ಲ ಮೆಜೆಸ್ಟಿಕ್ ಕಡೆ ಮುಖ ಮಾಡಿದರೂ ಈತ ಹಳೆಯ ರೈಲ್ವೆ ಸ್ಟೇಷನ್ನಿನಲ್ಲಿ ಮೈಸೂರು ಕಡೆಯ ಗಾಡಿ ಕಾಯುತ್ತಾ ನಿಂತ. 2020ರ ಮಾರ್ಚ್‌ನಲ್ಲಿ ರೈಲ್ವೆ ಹಿರಿಯ ನಾಗರಿಕರ ರಿಯಾಯಿತಿ ನಿಲ್ಲಿಸಿದ ದುಃಖ ಇನ್ನೂ ಹಸಿಯಾಗಿದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹಿರಿಯರಿಗೆ ಶೇ 25ರ ರಿಯಾಯಿತಿ ಇದ್ದರೂ ರೈಲೇ ಬೇಕು. ಬಸ್ಸಿನಲ್ಲಿ ಮಾತಿಗೆ ಸಿಗುವವನು ಒಬ್ಬ, ಅವನೂ ನಿದ್ದೆ ಹೋಗುತ್ತಾನೆ.

ಮಗನಿಗೆ ಇದು ಅರ್ಥವಾಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಓಡುತ್ತದೆ.

“ಕ್ಯಾಬ್ ಬುಕ್ ಮಾಡ್ತೀನಿ ಅಪ್ಪಾ, ಒಂದೂವರೆ ಗಂಟೇಲಿ ಮೈಸೂರು.”

“ಮೈಸೂರಿಗೆ ಯಾರೋ ಹೊರಟಿರೋದು? ನಾನು ಚನ್ನಪಟ್ಟಣಕ್ಕೆ.”

ಚನ್ನಪಟ್ಟಣದಲ್ಲಿ ಇಳಿದವನು ದಾರಿಗೆ ಮೊಬೈಲ್ ನೋಡುವುದಿಲ್ಲ. ಮೂವರನ್ನು ಕೇಳಿ, ಮೂವರೂ ಹೇಳದ ನಾಲ್ಕನೇ ಓಣಿ ಹಿಡಿದು, ಬೊಂಬೆ ಮಾಡುವ ಮನೆಯೊಂದರ ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗೆ ಲೇತಿನಲ್ಲಿ ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಒಣಗರಿ ಒತ್ತಿದರೆ ಹೊಳಪು. “ಕೂತ್ಕಳಿ ಸಾ, ಟೀ ಕುಡೀರಿ” ಎಂಬ ಉಪಚಾರವಾಗುತ್ತದೆ. ಎರಡು ಗಂಟೆ ಕೂತು ದಿನಕ್ಕೆಷ್ಟು ಬೊಂಬೆ, ಮರ ಎಲ್ಲಿಂದ, ಮಗಳಿಗೆ ಗಂಡು ಗೊತ್ತಾಯಿತೇ ಎಂಬುದನ್ನೆಲ್ಲ ವಿಚಾರಿಸಿ, ಕೊನೆಗೆ ಒಂದು ಬುಗುರಿ ಕೊಳ್ಳುತ್ತಾನೆ. ಅದಕ್ಕೂ ಚೌಕಾಸಿ ಮಾಡುತ್ತಾನೆ.

ಈತನ ಜನ್ಮವೈರಿ ಪ್ಯಾಕೇಜ್ ಟೂರಿನವನು. ದಿನಕ್ಕೆ ಏಳು ದೇವಸ್ಥಾನ ಮುಗಿಸುವ ಆತನಿಗೆ ಊರುಗಳು ನೆನಪಿರುವುದು ಕೊಟ್ಟ ತಿಂಡಿಯಿಂದ. ಅದನ್ನು ಹೇಳಿ ನಗುವ ಸ್ವತಂತ್ರ ಸಂಚಾರಿ, 1917ರಿಂದ ಮದ್ದೂರು ಸ್ಟೇಷನ್ನಿನ ಹೆಸರಿಗೆ ಅಂಟಿಕೊಂಡಿರುವ ವಡೆಯ ವಿಷಯ ಬಂದಾಗ ಮಾತು ಬದಲಿಸುತ್ತಾನೆ.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಜಾರಿಯಾದ ಮೇಲೆ ಈ ವರ್ಗದಲ್ಲಿ ಹೆಣ್ಣು ಪ್ರಭೇದ ವೇಗವಾಗಿ ಬೆಳೆದಿದೆ. ಕೈಯಲ್ಲಿ ಆಧಾರ್ ಕಾರ್ಡ್, ಜತೆಗೆ ಪಕ್ಕದ ರಸ್ತೆಯ ಮೂವರು ಗೆಳತಿಯರು. ಗುರಿ ಧರ್ಮಸ್ಥಳ ಇಲ್ಲವೇ ಮಲೆ ಮಹದೇಶ್ವರ ಬೆಟ್ಟ. ಈಕೆ ಅಪ್ಪಣೆ ಕೇಳುವುದಿಲ್ಲ, “ಕುಕ್ಕರಲ್ಲಿ ಅನ್ನ ಇದೆ ರೀ” ಎಂದು ತಿಳಿಸುತ್ತಾಳೆ. ಗಂಡ ಚನ್ನಪಟ್ಟಣದ ಅನುಭವ ಹೇಳಲು ಹೊರಟರೆ, ಬೆಟ್ಟದ ತಿರುವುಗಳ ವರ್ಣನೆಯನ್ನು ಮೊದಲು ಕೇಳಿಸಿಕೊಳ್ಳಬೇಕು.

ಇಂಥ ಸಂಚಾರದಿಂದ ಉಳಿತಾಯವಾಗುವುದಿಲ್ಲ, ಮೊಣಕಾಲಿಗೂ ಒಳ್ಳೆಯದಲ್ಲ. ಆದರೆ ಆಫೀಸಿನಲ್ಲಿ ‘ಸಾಹೇಬರು’ ಆಗಿದ್ದವನಿಗೆ ದಾರಿ ಕೇಳುವ ಅಭ್ಯಾಸ ಬರುತ್ತದೆ. ಕೇಳಿದವರಿಗೆಲ್ಲ ಜನ ಉತ್ತರ ಕೊಡುತ್ತಾರೆ, ಕೆಲವರು ಟೀಯನ್ನೂ ಕೊಡುತ್ತಾರೆ ಎಂಬ ತಿಳಿವಳಿಕೆ ಆಮೇಲಿನದು. ಪ್ರವಾಸ ಸಫಲವಾಯಿತೆಂಬುದಕ್ಕೆ ಪುರಾವೆ ಕೆಲವು ತಿಂಗಳ ನಂತರ ಮನೆಗೆ ಬರುವ ಲಗ್ನಪತ್ರಿಕೆ. ಬೊಂಬೆ ಮನೆಯ ಮಗಳಿಗೆ ಗಂಡು ಗೊತ್ತಾಗಿದೆ. ಈತನ ಮುಂದಿನ ಪ್ರಯಾಣದ ತಾರೀಖೂ ಗೊತ್ತಾಗಿದೆ.